ಮುಚ್ಚಳದ ತೂತು

ಈ ಸಲದ ಸಂಚಿಕೆಗೆ ನೀನೂ ಏನಾದರೂ ಬರೆದುಕೊಡು ಎಂದು ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ಮೊದಲು ಬೆಳುದಿಂಗಳ ಮೇಲೆ ಎರಡು ಪುಟ ಬರೆದೆ. ಮರುದಿನ ಓದಿ ನೋಡಿದರೆ ಅದು ಯಾರು ಬೇಕಾದರೂ ಬರೆಯಬಹುದಾದ ಬೆಳುದಿಂಗಳು. ಹರಿದುಹಾಕಿದೆ. ನಾನು ಕಣ್ಣಾರೆ ಕಂಡು ಬಲ್ಲದ್ದೆಂದರೆ ನಮ್ಮ ತಂದೆಯ ಗ್ಯಾರೇಜು ಮಾತ್ರ. ಆದ್ದರಿಂದ ಒಂದು ಹಳೆಯ ಮೋಟಾರು ಗಾಡಿಯ ಪೆಟ್ರೋಲು ಟ್ಯಾಂಕಿನ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಹಿತ್ಯಾಭಿಮಾನಿಗಳಾದ ಮಿತ್ರರು ಮೂಗು ಮುರಿಯದೆ ಓದಬೇಕೆಂದು ಪ್ರಾರ್ಥನೆ.

ನಮ್ಮ ತಂದೆ ಹಾಸನದಲ್ಲಿ ಬಿ.ಎಂ. ರಸ್ತೆಯ ಪಕ್ಕದ ಒಂದು ತಗಡಿನ ಮಾಡಿನ ಕೆಳಗೆ ಟಿಂಕರ್ ಕೆಲಸ ಮಾಡುತ್ತಾರೆ. ಓದಿದ್ದು ಮೂರನೆಯ ಇಯತ್ತೆಯವರೆಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆ ಇನ್ನೂ ಮುಗಿದಿಲ್ಲವಾದರೂ ಗ್ಯಾರೇಜಿಗೆ ಬಂದವರ ಮುಂದೆ ಅವರು ನನ್ನನ್ನು ‘ನಮ್ಮ ಬಿ.ಎ.’ ಎಂದೇ ತೋರಿಸುವುದು. ಪಂಚಾಯಿತಿಯ ನೋಟೀಸು, ಬ್ಯಾಂಕಿನ ಚೀಟಿ, ಔಷಧದ ಡಬ್ಬಿಯ ಮೇಲಿನ ಬರಹ, ಯಾವುದೇ ಇರಲಿ, ‘ನಮ್ಮ ಬಿ.ಎ.ನ ಕೇಳಿ’ ಎಂದುಬಿಡುತ್ತಾರೆ. ಇದರಿಂದ ನನಗೆ ಒಂದು ದುರಭ್ಯಾಸ ಅಂಟಿಕೊಂಡಿತು. ತಿಳಿಯದ್ದನ್ನು ತಿಳಿಯದು ಎಂದು ಹೇಳುವುದು ನನಗೆ ಮರೆತೇ ಹೋಯಿತು.

ಕಳೆದ ಬೇಸಗೆಯ ರಜೆಯಲ್ಲಿ ಸಕಲೇಶಪುರದ ಕಡೆಯ ತೋಟದ ಗೌಡರೊಬ್ಬರು ಲಾರಿಯ ಮೇಲೆ ಒಂದು ಗಾಡಿಯನ್ನು ಹೇರಿಸಿಕೊಂಡು ಬಂದರು. ಎಂ.ಜಿ. ಕಂಪನಿಯ ಟಿ.ಡಿ. ಮಾದರಿ, 1951ರದು. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1949ರಿಂದ 1953ರವರೆಗೆ ಈ ಮಾದರಿಯ ಗಾಡಿಗಳು ಸುಮಾರು ಮೂವತ್ತು ಸಾವಿರ ತಯಾರಾದವು. ಬಹುಪಾಲು ಅಮೆರಿಕಕ್ಕೇ ಹೋದವು. ಇದೊಂದು ಹೇಗೋ ತೋಟದ ದೊರೆಗಳ ಕೈಯಿಂದ ಗೌಡರ ತಾತನ ಕೈಗೆ ಬಂದಿತ್ತು. ಎರಡೇ ಆಸನ, ಉದ್ದನೆಯ ಮೂತಿ, ಮಡಿಚಿಡುವ ಬಟ್ಟೆಯ ಮಾಡು. ಪೆಟ್ರೋಲು ಟ್ಯಾಂಕು ಈಗಿನ ಗಾಡಿಗಳಲ್ಲಿರುವಂತೆ ಹೊಟ್ಟೆಯ ಕೆಳಗೆ ಅಡಗಿಲ್ಲ. ಆಸನಗಳ ಹಿಂದೆ, ಗಾಡಿಯ ಬೆನ್ನಿಗೆ, ಕೂಸನ್ನು ಕಟ್ಟಿಕೊಂಡ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದರ ಹಿಂದೆ ಸ್ಟೆಪ್ನಿ ಚಕ್ರ. ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಮುಳ್ಳು ಇಲ್ಲ. ಕಡಿಮೆಯಾದಾಗ ಒಂದು ಹಸಿರು ದೀಪ ಹತ್ತುತ್ತದೆ, ಅಷ್ಟೇ.

ಎಂಟು ವರ್ಷ ಕಾಫಿ ಗೋದಾಮಿನ ಮೂಲೆಯಲ್ಲಿ ನಿಂತಿದ್ದ ಗಾಡಿ. ಟ್ಯಾಂಕಿನ ತಳ ತುಕ್ಕು ತಿಂದು ಜರಡಿಯಾಗಿತ್ತು. ಹಳೆಯದಕ್ಕೇ ತೇಪೆ ಹಾಕಿಕೊಡು ಎಂದು ಗೌಡರು ಎಷ್ಟು ಹೇಳಿದರೂ ತಂದೆ ಒಪ್ಪಲಿಲ್ಲ. ಪೆಟ್ರೋಲು ಕುಡಿದ ಟ್ಯಾಂಕಿಗೆ ಬೆಂಕಿ ತೋರಿಸುವುದಿಲ್ಲ ಎಂಬುದು ಅವರ ಹನ್ನೆರಡು ವರ್ಷಗಳ ವ್ರತ. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಒಂದು ಬೈಕಿನ ಟ್ಯಾಂಕನ್ನು ಬರಿದು ಮಾಡಿ, ಎರಡು ದಿನ ಬಿಸಿಲಿಗಿಟ್ಟು, ಇನ್ನೇನೂ ಇಲ್ಲವೆಂದು ಗ್ಯಾಸಿನ ಜ್ವಾಲೆ ಹಿಡಿದಿದ್ದರು. ಅವರ ಬಲಗೈಯ ಮೂರು ಬೆರಳು ಇಂದಿಗೂ ಮಡಿಚುವುದಿಲ್ಲ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಹೆಚ್ಚು ಅಪಾಯವಂತೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಸೇರಿದ್ದರೆ ಅದು ಸಿಡಿಯುತ್ತದೆ. ಅದಕ್ಕೂ ಹೆಚ್ಚಾಗಿದ್ದರೆ ಉರಿಯುವುದಕ್ಕೆ ಗಾಳಿಯೇ ಸಾಲದು. ಆ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ಮೂಲೆಮೂಲೆಯ ತಳದಲ್ಲಿ ಕುಳಿತಿರುತ್ತದೆ. ಈ ಲೆಕ್ಕವೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ತಂದೆಗೆ ತಮ್ಮನ ಕೈ ಸಾಕಾಗಿತ್ತು.

ಹೀಗಾಗಿ ಹೊಸ ಟ್ಯಾಂಕೇ ಆಗಬೇಕೆಂದು ತೀರ್ಮಾನವಾಯಿತು. ಹಳೆಯದರ ಅಳತೆಯನ್ನು ರಟ್ಟಿಗೆ ಇಳಿಸಿಕೊಂಡು, ಉಕ್ಕಿನ ತಗಡನ್ನು ಕತ್ತರಿಸಿ, ಅಂಚುಗಳನ್ನು ಒಂದರೊಳಗೊಂದು ಮಡಿಚಿ, ಮಡಿಕೆಯುದ್ದಕ್ಕೂ ಬೆಸುಗೆ ಹರಿಸಿದರು. ಒಳಗೆ ಎರಡು ಅಡ್ಡತಡೆ, ಅವುಗಳಲ್ಲಿ ರೂಪಾಯಿಯಗಲದ ಕಿಂಡಿಗಳು. ಇವಿಲ್ಲದಿದ್ದರೆ ತಿರುವಿನಲ್ಲಿ ಐವತ್ತು ಲೀಟರು ಪೆಟ್ರೋಲು ಒಂದೇ ಕಡೆಗೆ ನುಗ್ಗಿ ಗಾಡಿಯನ್ನೇ ಎಳೆದಾಡೀತು. ಹನ್ನೊಂದು ದಿನ ಹಿಡಿಯಿತು. ನೀರು ತುಂಬಿ ಒಂದು ರಾತ್ರಿ ಇಟ್ಟರೆ ಒಂದು ತೊಟ್ಟೂ ಒಸರಲಿಲ್ಲ. ತಂದೆ ಬೆಳಿಗ್ಗೆ ಎದ್ದು ಅದರ ಕೆಳಗೆ ಹಾಸಿದ್ದ ಸುದ್ದಿಪತ್ರಿಕೆಯನ್ನು ಕೈಯಿಂದ ಸವರಿ ನೋಡಿ, ಏನೂ ಹೇಳದೆ ಒಂದು ಬೀಡಿ ಹಚ್ಚಲು ರಸ್ತೆಯ ಆಚೆಗೆ ಹೋದರು.

ಕೊನೆಗೆ ಉಳಿದದ್ದು ಮುಚ್ಚಳ. ಹಳೆಯ ಮುಚ್ಚಳವನ್ನೇ ಉಜ್ಜಿ ಹೊಳಪು ಮಾಡಿ, ಒಳಗಿನ ರಬ್ಬರು ಬಳೆ ಮಾತ್ರ ಹೊಸದು ಕೂರಿಸಿದೆವು. ಉಜ್ಜುವಾಗ ತಂದೆಯ ಕಣ್ಣಿಗೆ ಅದರಲ್ಲಿ ಸೂಜಿಮೊನೆಯಷ್ಟು ಒಂದು ತೂತು ಕಂಡಿತು.

“ಇದ್ಯಾತಕ್ಕೆ ಬಿಟ್ಟವ್ರೆ ಮಗ? ಗೌಡ್ರು ಕೊಟ್ಟ ಪುಸ್ತಕ್ದಾಗೆ ನೋಡು” ಎಂದರು.

ಗೌಡರು ಗಾಡಿಯ ಜೊತೆಗೆ ಒಂದು ಇಂಗ್ಲಿಷ್ ಕೈಪಿಡಿಯನ್ನೂ ಕೊಟ್ಟಿದ್ದರು. ನಾನು ಅದನ್ನು ತೆರೆದೆ. ನಮ್ಮ ಪಠ್ಯದಲ್ಲಿ ಬರುವ ಇಂಗ್ಲಿಷೇ ಬೇರೆ, ಈ ಇಂಗ್ಲಿಷೇ ಬೇರೆ. ಅರ್ಧ ಸಾಲಿಗೆ ಮೂರು ಪದ ಗೊತ್ತಿಲ್ಲ. ಪೆಟ್ರೋಲಿನ ಅಧ್ಯಾಯದ ಪುಟಗಳನ್ನು ಗಂಭೀರವಾಗಿ ಮಗುಚಿದೆನೇ ಹೊರತು ಓದಲಿಲ್ಲ. ತಂದೆ ಕಾಯುತ್ತಿದ್ದರು, ಪಕ್ಕದ ಟೈರು ಅಂಗಡಿಯವನೂ ಬಂದು ನಿಂತಿದ್ದ. ‘ಇದು ಮೊದಲಿನಿಂದ ಇದ್ದದ್ದಲ್ಲ, ಯಾವಾಗಲೋ ಬಿದ್ದದ್ದು. ಇದರಿಂದಲೇ ಮಳೆನೀರು ಇಳಿದು ಟ್ಯಾಂಕು ತುಕ್ಕು ಹಿಡಿದಿರುವುದು. ಮುಚ್ಚಿಬಿಡಿ’ ಎಂದೆ. ನೋಡಿ, ನನ್ನ ಅಜ್ಞಾನಕ್ಕೆ ತರ್ಕವೂ ಇತ್ತು! ತಂದೆ ಒಂದು ಗಳಿಗೆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ತೂತು ದುಂಡಗಿದೆ, ಬೇಕೆಂದೇ ಕೊರೆದ ಹಾಗಿದೆ ಎಂದು ಅವರ ಕಣ್ಣು ಹೇಳುತ್ತಿತ್ತೆಂದು ಈಗ ನನಗೆ ತೋರುತ್ತದೆ. ಆದರೆ ಬಿ.ಎ. ಓದುವ ಮಗ ಪುಸ್ತಕ ನೋಡಿ ಹೇಳಿದ್ದಾನೆ. ಒಂದು ಹನಿ ಬೆಸುಗೆ ಬಿಟ್ಟು ಮುಚ್ಚಿದರು.

ಗೌಡರು ಟ್ಯಾಂಕು ತುಂಬಿಸಿಕೊಂಡು ಸಕಲೇಶಪುರದ ದಾರಿ ಹಿಡಿದರು. ಇಳಿಹೊತ್ತಿಗೆ ಫೋನು ಬಂತು. ಪಾಳ್ಯದ ಬಳಿ ಗಾಡಿ ಒಮ್ಮೆ ನಿಂತಿತಂತೆ, ಸ್ವಲ್ಪ ಹೊತ್ತು ಬಿಟ್ಟು ಹೊರಟು, ಬಾಳ್ಳುಪೇಟೆಗೆ ಮೊದಲೇ ಮತ್ತೆ ನಿಂತಿದೆ, ಈಗ ಅಲ್ಲಾಡುವುದಿಲ್ಲ. ನಾನೂ ತಂದೆಯೂ ಮೊಪೆಡ್ಡಿನ ಮೇಲೆ ಹೋದೆವು. ಹಸಿರು ದೀಪ ಹತ್ತಿರಲಿಲ್ಲ, ಅಂದಮೇಲೆ ಪೆಟ್ರೋಲಿಗೆ ಕೊರತೆಯಿಲ್ಲ. ಈ ಗಾಡಿಯಲ್ಲಿ ಪೆಟ್ರೋಲನ್ನು ಎಳೆಯುವುದು ಎಸ್.ಯು. ಎಂಬ ವಿದ್ಯುತ್ ಪಂಪು. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನುತ್ತದೆ. ಅದು ಒಂದು ಸಲ ಟಿಕ್ ಎಂದು, ಉಸಿರು ಸಿಕ್ಕಿಕೊಂಡವರಂತೆ ಸುಮ್ಮನಾಯಿತು.

ತಂದೆ ಗಾಡಿಯ ಹಿಂದಕ್ಕೆ ಬಂದು ಟ್ಯಾಂಕಿನ ಬೆನ್ನಿನ ಮೇಲೆ ಅಂಗೈ ಇಟ್ಟರು. ನೆಟ್ಟಗಿದ್ದ ತಗಡು ಒಳಕ್ಕೆ ಕುಸಿದಿತ್ತು. ಮುಚ್ಚಳ ತೆರೆದರು. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಹಿಂದೆಯೇ ಡಬ್ ಎಂದು ತಗಡು ಹೊರಕ್ಕೆ ಚಿಮ್ಮಿತು. ಪಂಪು ತಾನಾಗಿ ಟಿಕ್ ಟಿಕ್ ಶುರುಮಾಡಿತು. ಆದರೆ ಕೆಳಗಿನ ಒಂದು ಮೂಲೆಯಲ್ಲಿ ಬೆಸುಗೆ ಕೂದಲೆಳೆಯಷ್ಟು ಬಿರಿದು, ಪೆಟ್ರೋಲು ಬೆವರಿನಂತೆ ಒಸರುತ್ತಿತ್ತು. ಅದರ ಎದುರಿಗೇ ಹೊಗೆಕೊಳವೆಯ ಬಾಯಿ.

“ಏನು ಮೇಸ್ತ್ರಿ ಇದು? ಆ ತೂತು ಮುಚ್ಚು ಅಂತ ನಿನಗೆ ಯಾರು ಹೇಳಿದ್ದು?” ಎಂದು ಗೌಡರು ಕೇಳಿದರು.

ತಂದೆ ನನ್ನ ಕಡೆಗೆ ತಿರುಗಲಿಲ್ಲ. “ನಾನೇ ಮುಚ್ಚಿದ್ದು ಸೋಮಿ. ತಪ್ಪಾಯ್ತು” ಎಂದರು.

ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಕೈಯಲ್ಲಿ ಹದಿನಾಲ್ಕರ ಸ್ಪ್ಯಾನರಿತ್ತು. ಬಾಯಿ ತೆರೆಯಲಿಲ್ಲ. ಈ ಲೇಖನವನ್ನು ಬರೆಯುತ್ತಿರುವುದು ಆ ಒಂದು ನಿಮಿಷದ ಸಲುವಾಗಿ ಎಂದರೆ ತಪ್ಪಲ್ಲ.

ಮರಳುವಾಗ ಕತ್ತಲಾಗಿತ್ತು. ಆಲೂರು ಕ್ರಾಸು ದಾಟಿದ ಮೇಲೆ ತಂದೆ ಒಂದೇ ಮಾತು ಆಡಿದರು: “ಎಣ್ಣೆ ಡಬ್ಬಕ್ಕೆ ನಿಮ್ಮವ್ವ ಎರಡು ತೂತು ಹೊಡೀತಾಳಲ್ಲ ಮಗ. ಒಂದು ಎಣ್ಣೆಗೆ, ಒಂದು ಗಾಳಿಗೆ. ನಂಗೂ ಹೊಳೀಲಿಲ್ಲ ನೋಡು.”

ನನಗೆ ಹೊಳೆಯದಿದ್ದದ್ದಕ್ಕೆ ಅಂಥ ಕ್ಷಮೆಯಿಲ್ಲ. ವಾಯುವಿನ ಒತ್ತಡದ ಪಾಠವನ್ನು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಅಂಕ ಗಳಿಸಿದ್ದೆ. ಜರ್ಮನಿಯ ಗೆರಿಕೆ ಎಂಬಾತ ಎರಡು ಲೋಹದ ಅರ್ಧಗೋಳಗಳನ್ನು ಕೂಡಿಸಿ, ಒಳಗಿನ ಗಾಳಿ ತೆಗೆದು, ಕುದುರೆಗಳನ್ನು ಕಟ್ಟಿ ಎಳೆಸಿದರೂ ಅವು ಬೇರೆಯಾಗಲಿಲ್ಲ ಎಂದು ಚಿತ್ರಸಹಿತ ಬರೆದಿದ್ದೆ. ಆ ಕುದುರೆಗಳಿಗೂ ನಮ್ಮ ಗ್ಯಾರೇಜಿಗೂ ಸಂಬಂಧವಿದೆಯೆಂದು ಮಾತ್ರ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ರಾತ್ರಿ ಲೆಕ್ಕ ಮಾಡಿದೆ. ಟ್ಯಾಂಕಿನ ಬೆನ್ನು ಸುಮಾರು ಮೂರಡಿ ಉದ್ದ, ಒಂದಡಿ ಎತ್ತರ. ಅಂದರೆ 432 ಚದರ ಅಂಗುಲ. ಹೊರಗಿನ ಗಾಳಿ ಪ್ರತಿ ಚದರ ಅಂಗುಲವನ್ನೂ ಹದಿನಾಲ್ಕು ಮುಕ್ಕಾಲು ಪೌಂಡಿನಷ್ಟು ಒತ್ತುತ್ತಿರುತ್ತದೆ. ಒಳಗಿನ ಗಾಳಿಯೂ ಅಷ್ಟೇ ಒತ್ತುವುದರಿಂದ ನಮಗೆ ಗೊತ್ತಾಗುವುದಿಲ್ಲ. ಪೆಟ್ರೋಲು ಖಾಲಿಯಾಗುತ್ತ, ಅದರ ಜಾಗಕ್ಕೆ ಗಾಳಿ ಬಾರದೆ, ಒಳಗಿನ ಒತ್ತಡ ಒಂದೇ ಒಂದು ಪೌಂಡು ಇಳಿಯಿತೆನ್ನಿ. ಆಗ ಆ ತಗಡಿನ ಮೇಲೆ ಬೀಳುವ ಭಾರ 432 ಪೌಂಡು. ನೂರು ಕಿಲೋದ ಎರಡು ಮೂಟೆಗಳಿಗೆ ಸ್ವಲ್ಪವೇ ಕಡಿಮೆ. ಹನ್ನೊಂದು ದಿನದ ಕೆಲಸದ ಮೇಲೆ ನಾನು ಎರಡು ಮೂಟೆ ಹೇರಿದ್ದೆ.

ಆದರೆ ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ಹೊಸ ಟ್ಯಾಂಕು ಈಗ ಪೆಟ್ರೋಲು ಕುಡಿದ ಟ್ಯಾಂಕು. ಇನ್ನೊಂದು ಮಾಡಲು ತಗಡಿಗೂ ದಿನಕ್ಕೂ ದುಡ್ಡಿರಲಿಲ್ಲ. ಬಾಕಿ ಕೂಲಿಯನ್ನು ತಂದೆಯೇ ಬೇಡವೆಂದಿದ್ದರು. ಹನ್ನೆರಡು ವರ್ಷದ ವ್ರತವನ್ನು ಅವರು ಮುರಿಯಬೇಕಾಯಿತು.

ಟ್ಯಾಂಕನ್ನು ಬಿಚ್ಚಿ ಬರಿದು ಮಾಡಿ, ಹಿಂದಿನ ಬಯಲಿನಲ್ಲಿ ಬಾಯಿ ಕೆಳಗಾಗಿ ಒಂದು ಹಗಲು ಇಟ್ಟರು. ವಾಷಿಂಗ್ ಸೋಡಾ ಬೆರೆಸಿದ ಕುದಿನೀರನ್ನು ಹಂಡೆಗಟ್ಟಲೆ ಹೊಯ್ದು ಕುಲುಕಿ ಚೆಲ್ಲಿದರು. ಆರು ಸಲ ಹೊಯ್ದದ್ದನ್ನು ನಾನು ಎಣಿಸಿದೆ. ಆಮೇಲೆ ಬಿರಿದ ಮೂಲೆ ಮೇಲಕ್ಕೆ ಬರುವಂತೆ ನಿಲ್ಲಿಸಿ, ಬೆಸುಗೆಗೆ ಒಂದು ಬೆರಳು ಕೆಳಗಿನವರೆಗೂ ನೀರು ತುಂಬಿದರು. ಆವಿಗೆ ಜಾಗವೇ ಇರಬಾರದು. ಪೂರ್ತಿ ತುಂಬಿದರೆ ನೀರು ಕಾವನ್ನೆಲ್ಲ ಹೀರಿ ಬೆಸುಗೆ ಹಿಡಿಯುವುದಿಲ್ಲ. ಅದಕ್ಕೇ ಆ ಒಂದು ಬೆರಳು. ಗ್ಯಾಸಿನ ಜ್ವಾಲೆ ಮುಟ್ಟಲಿಲ್ಲ. ತುದಿಗೆ ತಾಮ್ರದ ಗಟ್ಟಿಯಿರುವ ಹಳೆಯ ಬೆಸುಗೆ ಸಲಾಕೆಯನ್ನು ಹುಡುಕಿ ತೆಗೆದು, ಅದನ್ನು ಕಾಯಿಸುವ ಇದ್ದಿಲ ಒಲೆಯನ್ನು ಮೂವತ್ತು ಹೆಜ್ಜೆ ಆಚೆ, ಗಾಳಿ ಬೀಸುವ ದಿಕ್ಕಿಗೆ ಮೇಲೆ ಇಟ್ಟರು. ನನ್ನನ್ನು ರಸ್ತೆಯಾಚೆಯ ಹುಣಿಸೆಮರದ ಕೆಳಗೆ ನಿಲ್ಲಲು ಹೇಳಿದರು. ನಾನೂ ಜೊತೆಗಿರುತ್ತೇನೆ ಎಂದೆ. “ನಿಂಗೆ ಪರೀಕ್ಷೆ ಐತೆ, ಹೋಗು” ಎಂದರು.

ಮರದ ಕೆಳಗೆ ನಿಂತು ನೋಡಿದೆ. ಅವರು ಒಲೆಗೂ ಟ್ಯಾಂಕಿಗೂ ನಡುವೆ ಹೋಗಿಬಂದು ಮಾಡಿದ್ದು ಒಟ್ಟು ಹದಿನೇಳು ಸಲ. ಪ್ರತಿ ಸಲವೂ ಸಲಾಕೆ ತಗಡಿಗೆ ತಾಗಿದಾಗ ಚುಂಯ್ ಎಂದು ಹಬೆ ಏಳುತ್ತಿತ್ತು. ಆ ಸದ್ದಿಗೆ ಮೊದಲು ಬರುವ ಒಂದು ಕ್ಷಣವಿದೆಯಲ್ಲ, ಅದರಲ್ಲಿ ನಾನು ಚಿಕ್ಕಪ್ಪನ ಬೆರಳುಗಳನ್ನು ಹದಿನೇಳು ಸಲ ಕಂಡೆ. ಏನೂ ಆಗಲಿಲ್ಲ. ಬೆಸುಗೆ ನಿಂತಿತು.

ಈ ಸಲ ಮುಚ್ಚಳದ ತೂತನ್ನು ಬಿಡಿಸಿದ್ದಲ್ಲದೆ, ತಂದೆ ಟ್ಯಾಂಕಿನ ನೆತ್ತಿಯಿಂದ ಒಂದು ಸಪೂರ ತಾಮ್ರದ ಕೊಳವೆಯನ್ನೂ ಹೊರಡಿಸಿದರು. ಅದು ಮುಚ್ಚಳಕ್ಕಿಂತ ಮೇಲಕ್ಕೆ ಏರಿ, ಬಾಗಿ, ಹೊಗೆಕೊಳವೆಯಿಲ್ಲದ ಬದಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಏರದೆ ನೇರ ಇಳಿದಿದ್ದರೆ ಘಾಟಿಯಲ್ಲಿ ಪೆಟ್ರೋಲೇ ಅದರಿಂದ ಸುರಿದುಹೋಗುತ್ತಿತ್ತು. ಬಾಯಿಗೆ ತಂತಿಜಾಲರಿ, ಮಲೆನಾಡಿನ ಕಣಜಗಳು ಯಾವ ತೂತು ಕಂಡರೂ ಮಣ್ಣು ಮೆತ್ತಿ ಮನೆಮಾಡುತ್ತವೆ. ಇಂಥ ಬಯಲು ಕೊಳವೆ ಹಳೆಯ ಗಾಡಿಗೆ ಸರಿ. 1970ರಲ್ಲಿ ಕ್ಯಾಲಿಫೋರ್ನಿಯದಲ್ಲೂ ಮರುವರ್ಷ ಅಮೆರಿಕದಾದ್ಯಂತವೂ ಹೊಸ ಗಾಡಿಗಳ ಟ್ಯಾಂಕಿನ ಆವಿಯನ್ನು ಹೊರಗೆ ಬಿಡುವುದಕ್ಕೆ ಕಾನೂನಿನ ಕಡಿವಾಣ ಬಿತ್ತು. ಅಂದಿನಿಂದ ಆವಿಯನ್ನು ಇದ್ದಿಲು ತುಂಬಿದ ಡಬ್ಬಿಯಲ್ಲಿ ಹಿಡಿದಿಟ್ಟು ಮತ್ತೆ ಎಂಜಿನ್ನಿಗೇ ಉಣಿಸುವ ಏರ್ಪಾಟು ಬಂದಿದೆ. ನನ್ನ ಮಳೆನೀರಿನ ತರ್ಕವೂ ಪೂರ್ತಿ ಸುಳ್ಳಲ್ಲ ಎಂದು ಹೇಳಿಕೊಳ್ಳಬೇಕೆಂಬ ಆಸೆ ನನಗಿದೆ. ಟ್ಯಾಂಕು ರಾತ್ರಿ ತಣ್ಣಗಾದಾಗ ತೂತಿನ ಮೂಲಕ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದು ಒಳಗೆ ಹನಿಗಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಬೆರೆಸುವ ಎಥನಾಲು ಆ ನೀರನ್ನು ಹೀರಿಕೊಂಡು, ಮಿತಿಮೀರಿದಾಗ ನೀರಿನೊಡನೆಯೇ ತಳಕ್ಕಿಳಿದು ನಿಲ್ಲುತ್ತದೆ. ಅದಕ್ಕೆ ಮದ್ದು ತೂತು ಮುಚ್ಚುವುದಲ್ಲ; ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಡುವುದು.

ಗೌಡರ ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಅವರು ಮೊನ್ನೆ ದೀಪಾವಳಿಗೆ ಒಂದು ಚೀಲ ಕಾಫಿಬೀಜ ಕಳುಹಿಸಿದ್ದರು.

ಕೈಪಿಡಿಯನ್ನು ಹಿಂದಿರುಗಿಸುವ ಹಿಂದಿನ ರಾತ್ರಿ ತಂದೆ ಊಟವಾದ ಮೇಲೆ ಚಾಪೆ ಹಾಸಿ ಕುಳಿತು, “ಪೆಟ್ರೋಲಿಂದು ಅಷ್ಟೂ ಓದು” ಎಂದರು. ನಿಘಂಟು ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಹದಿನಾಲ್ಕು ಕಡೆ ‘ಇದು ನನಗೆ ಗೊತ್ತಿಲ್ಲ ಅಪ್ಪ’ ಎಂದೆ. ಅವುಗಳಲ್ಲಿ ಒಂಬತ್ತನ್ನು ಅವರು ಕೈಬೆರಳುಗಳನ್ನು ಹೀಗೆ ಹಾಗೆ ಮಡಿಚಿ ನನಗೆ ತಿಳಿಸಿಕೊಟ್ಟರು. ಉಳಿದ ಐದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಈ ಸಂಚಿಕೆ ಪಕ್ಕದ ವಿಜ್ಞಾನ ಕಾಲೇಜಿನ ಅಧ್ಯಾಪಕರ ಕೈಗೂ ಹೋಗುತ್ತದೆಂದು ಕೇಳಿದ್ದೇನೆ. ಅವರಲ್ಲಿ ಯಾರಾದರೂ ಬಿಡುವು ಮಾಡಿಕೊಂಡರೆ, ನಾನೂ ನಮ್ಮ ತಂದೆಯೂ ಒಂದು ಭಾನುವಾರ ಬಂದು ಕಾಣುತ್ತೇವೆ.