ಕೈಗಿಂತ ಮೊದಲು ಕಾಲು

ತನಗೆ ಕಾಲುಗಳಿವೆ ಎಂಬುದು ನಲವತ್ತು ದಾಟಿದ ಮನುಷ್ಯನಿಗೆ ನೆನಪಾಗುವುದು ಬಿದ್ದಾಗ ಮಾತ್ರ. ನನಗೆ ನೆನಪಾದದ್ದು ನಮ್ಮ ಕಾಲೇಜಿನ ಆಟದ ಕೋಣೆಯಲ್ಲಿ, ಟೇಬಲ್ ಟೆನ್ನಿಸ್ ಮೇಜಿನ ಬಲಮೂಲೆಯ ಪಕ್ಕ, ನೆಲದ ಮೇಲೆ.

ಕನ್ನಡ ಮೇಷ್ಟರಿಗೆ ಈ ಆಟವೇಕೆಂದು ಕೇಳಬೇಡಿ. ರಕ್ತದಲ್ಲಿ ಸಕ್ಕರೆ ಕಂಡ ವೈದ್ಯರು ಏನಾದರೂ ಆಡಿರೆಂದರು. ಬಳ್ಳಾರಿಯ ಬಿಸಿಲಿಗೆ ಹೆದರಿದವನು ಸೂರಿನ ಕೆಳಗಿನ ಆಟವನ್ನೇ ಹುಡುಕಬೇಕಷ್ಟೆ. ಮೇಜಿನ ಅಗಲ ಐದೇ ಅಡಿ. ಕೈ ಚಾಚಿದರೆ ಎರಡು ಅಂಚೂ ಸಿಕ್ಕುತ್ತವೆ, ಇದರಲ್ಲಿ ಕಾಲಿಗೇನು ಕೆಲಸ ಎಂದುಕೊಂಡಿದ್ದೆ. ಆದರೆ ಓರೆಯಾಗಿ ಬಂದು ಪಕ್ಕದ ಗೆರೆಯ ಬಳಿ ಪುಟಿದ ಚೆಂಡು ಮೇಜಿನ ಅಳತೆಗೆ ಕಟ್ಟುಬಿದ್ದದ್ದಲ್ಲ. ಅದು ಹೊರಹೊರಗೇ ಓಡುತ್ತದೆ. ನಾನು ನಿಂತಲ್ಲೇ ನಿಂತು, ಸೊಂಟ ಬಾಗಿಸಿ ಕೈ ನೀಡಿದೆ. ತಲೆ ಹೊರಕ್ಕೆ ವಾಲಿತು, ಭಾರವೆಲ್ಲ ಬಲಪಾದದ ಹೊರ ಅಂಚಿಗೆ ಬಂತು, ಬಿದ್ದೆ. ಚೆಂಡಿನ ತೂಕ 2.7 ಗ್ರಾಂ, ನನ್ನದು 82 ಕಿಲೋ. ಗೆದ್ದದ್ದು ಚೆಂಡು.

ಎತ್ತಿ ಕೂರಿಸಿದವರು ಕೋಣೆಯ ಬೀಗದ ಕೈ ಕಾಯುವ ನಮ್ಮ ಜವಾನರು. ಇಪ್ಪತ್ತು ವರ್ಷ ಹುಡುಗರ ಆಟ ನೋಡಿ ನೋಡಿಯೇ ಕಲಿತವರು. "ಸಾರ್, ನೀವು ಕೈಲೆ ಆಡ್ತೀರಿ. ಕಾಲಿಲೆ ಆಡ್ರಿ, ಕೈ ತಾನಾ ಬರ್ತದ" ಎಂದರು.

ಅಂದಿನಿಂದ ಅವರು ಗುರು, ನಾನು ಶಿಷ್ಯ. ಪಾದಗಳು ಹೆಗಲಿಗಿಂತ ತುಸು ಅಗಲವಾಗಿರಬೇಕು. ಮೊಣಕಾಲು ಸಡಿಲವಾಗಿ ಬಾಗಿರಬೇಕು. ಭಾರ ಹಿಮ್ಮಡಿಯ ಮೇಲಲ್ಲ, ಮುಂಗಾಲಿನ ಮೇಲೆ. ಎದುರಾಳಿ ಹೊಡೆಯುವ ಕ್ಷಣಕ್ಕೆ ಒಂದು ಸಣ್ಣ ಕುಪ್ಪಳಿಕೆ: ನಿಂತ ಬಂಡಿಗಿಂತ ಉರುಳುವ ಬಂಡಿಯನ್ನು ತಳ್ಳುವುದು ಸುಲಭ. ಚೆಂಡು ಬಲಕ್ಕೆ ಹತ್ತಿರದಲ್ಲಿದ್ದರೆ ಎಡಗಾಲು ನೆಲ ಒದೆಯಬೇಕು, ಬಲಗಾಲು ಸರಿಯಬೇಕು, ಎಡಗಾಲು ಹಿಂಬಾಲಿಸಬೇಕು. ತೀರ ದೂರದಲ್ಲಿದ್ದರೆ ಮಾತ್ರ ಎಡಗಾಲು ಬಲಗಾಲಿನ ಮುಂದೆ ಹಾಯ್ದು ಹೋಗಿ, ಹೊಡೆದ ಮೇಲೆ ಬಲಗಾಲು ಆಚೆ ಊರಿ ಮೈಯನ್ನು ತಡೆಯಬೇಕು. ಅಲ್ಲಿಗೂ ಮುಗಿಯಲಿಲ್ಲ, ಕೂಡಲೇ ಸ್ವಸ್ಥಾನಕ್ಕೆ ಮರಳಬೇಕು.

ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆಯಲ್ಲಿ ಐದಡಿ ಅಂತರಕ್ಕೆ ಎರಡು ಸೀಮೆಸುಣ್ಣದ ಗೆರೆ ಎಳೆದೆ. ಬಿಸಿಲೇರುವ ಮೊದಲು ಅವುಗಳ ನಡುವೆ ಏಡಿಯಂತೆ ಓಡಾಡತೊಡಗಿದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ನೋಡಿ, "ಮೇಷ್ಟ್ರಿಗೆ ಚೇಳು ಕಡೀತೇನವ್ವಾ?" ಎಂದು ನನ್ನ ಹೆಂಡತಿಯನ್ನು ಕೇಳಿದರಂತೆ. ಬೆಂಗಳೂರಿನ ಅರ್ಚನಾ ಕಾಮತ್ ಇದ್ದ ಭಾರತದ ಮಹಿಳಾ ತಂಡ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ಆಡಿತಲ್ಲ, ಆ ಪಂದ್ಯಗಳ ಚಿತ್ರಗಳನ್ನು ಮತ್ತೆ ಹಾಕಿಸಿಕೊಂಡು ನೋಡಿದೆ. ಮನೆಯವರೆಲ್ಲ ಚೆಂಡು ನೋಡಿದರು. ನಾನು ಬೂಟು ನೋಡಿದೆ.

ಹೀಗೆ ಕಾಲಿನ ಧ್ಯಾನದಲ್ಲಿದ್ದಾಗಲೇ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ನನ್ನ ಎರಡನೆಯ ವರ್ಷದ ತರಗತಿಯಲ್ಲಿ ಕಡೆಯ ಬೆಂಚಿನ ತುದಿಗೆ ಒಬ್ಬ ಹುಡುಗ ಕೂರುತ್ತಿದ್ದ. ಸಿರುಗುಪ್ಪದ ಕಡೆಯವನು, ಮನೆಮಾತು ತೆಲುಗು. ಕನ್ನಡ ಬರೆಯುವಾಗ ಒತ್ತಕ್ಷರಕ್ಕೆ ಒದ್ದಾಡುತ್ತಿದ್ದ. ಎರಡು ತಿಂಗಳಿಂದ ಅವನು ಬಂದಿರಲಿಲ್ಲ. ನಾನು ಸುಮ್ಮನಿದ್ದೆನೆಂದಲ್ಲ, ಗೆಳೆಯರ ಸಂಗಡ ಎರಡು ಸಲ ಹೇಳಿ ಕಳಿಸಿದ್ದೆ, ಒಂದು ಸಲ ಫೋನು ಮಾಡಿದ್ದೆ. ಕರ್ತವ್ಯ ಮಾಡಿದ ತೃಪ್ತಿಯೂ ಇತ್ತು. ಅದೆಲ್ಲ ನಿಂತಲ್ಲಿಂದಲೇ ಕೈ ಚಾಚಿದ್ದು ಎಂಬುದು ಮಾಳಿಗೆಯ ಗೆರೆಗಳ ನಡುವೆ ಹೊಳೆಯಿತು.

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಭತ್ತದ ಗದ್ದೆಗಳ ನಡುವೆ ಆಟೋದಲ್ಲಿ ಅವನ ಊರು. ತಾಯಿ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು. "ಬೆಂಗಳೂರಿಗೆ ಕೆಲಸಕ್ಕೆ ಹೋದ ಸಾರೂ. ಹೋಗಿ ಇಪ್ಪತ್ತು ದಿವಸ ಆತು. ನೀವು ಹೋದ ತಿಂಗಳು ಬಂದಿದ್ರೆ..." ಎಂದು ನಿಲ್ಲಿಸಿದರು. ನನಗೂ ಮಾತು ಹೊರಡಲಿಲ್ಲ. ಹೊರಡುವಾಗ ಅವನ ಹೊಸ ನಂಬರು ಕೊಟ್ಟರು. ಆ ಸಂಜೆ ಮಾತಾಡಿದೆ. ಪರೀಕ್ಷೆಗಾದರೂ ಬಾ ಎಂದೆ. "ನೋಡ್ತೀನಿ ಸಾರ್" ಎಂದ. ಆ ಮಾತಿನ ಅರ್ಥ ಅಧ್ಯಾಪಕರಿಗೆಲ್ಲ ಗೊತ್ತು.

ಸೋಮವಾರ ಜವಾನರ ಮುಂದೆ ಮನಸ್ಸಿಲ್ಲದೆ ಆಡಿ ಒಂದು ಚೆಂಡು ಬಿಟ್ಟು, ಅದು ಉರುಳಿಹೋದ ಕಡೆಯೇ ನೋಡುತ್ತ ನಿಂತೆ. "ಹೋದದ್ದು ಹೋತು ಸಾರ್, ಜಾಗಕ್ಕ ಬರ್ರಿ. ಮುಂದಿಂದು ಬರ್ತದ" ಎಂದರು.

ಈಗ ನಾನು ಪಾಠ ಮಾಡುವಾಗ ವೇದಿಕೆಯಿಂದ ಕೆಳಗಿಳಿದು ಕಡೆಯ ಬೆಂಚಿನ ತುದಿಯವರೆಗೆ ಹೋಗಿ ಬರುತ್ತೇನೆ. ಮೇಷ್ಟ್ರು ಕಾಪಿ ಹಿಡಿಯಲು ಬರುತ್ತಾರೆಂದು ಹುಡುಗರು ಹೆದರಿದ್ದಾರೆ. ಮೊಣಕಾಲೂ ಸ್ವಲ್ಪ ನೋಯುತ್ತದೆ. ಆದರೆ ಮೊನ್ನೆ ಅಲ್ಲಿ ಕುಳಿತ ಕುರುಗೋಡಿನ ಹುಡುಗಿಯೊಬ್ಬಳ ಹತ್ತಿರ ಪಠ್ಯಪುಸ್ತಕವೇ ಇಲ್ಲವೆಂಬುದು ತಿಳಿಯಿತು. ಅರ್ಧ ವರ್ಷದಿಂದ ಇರಲಿಲ್ಲವಂತೆ.