ಕಲ್ಲಿದ್ದಲು ಇಳಿದ ದಾರಿಯನ್ನು ಹತ್ತುತ್ತಾ

ತಲೆಯ ಮೇಲೆ ಎಂ4 ಹೆದ್ದಾರಿ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಆ ರಸ್ತೆಯಲ್ಲಿ ಲಾರಿಯೊಂದು ಕೀಲು ದಾಟಿದಾಗಲೆಲ್ಲ ದಡ್ ದಡ್ ಎನ್ನುವ ಸದ್ದು ಕಾಂಕ್ರೀಟಿನಿಂದ ಇಳಿದು ಎದೆಗೇ ಬಡಿಯುತ್ತದೆ. ಅದರ ಬುಡದಲ್ಲಿ ನಿಮ್ಮ ಸೈಕಲ್ಲು ಆವನ್ ನದಿಯ ಪಕ್ಕದ ದಾರಿ ಹಿಡಿಯುತ್ತದೆ. ಬೆನ್ನ ಹಿಂದೆ ದಕ್ಷಿಣ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಪಟ್ಟಣ, ಆಚೆ ಸಮುದ್ರ, ದಡದುದ್ದಕ್ಕೂ ಟಾಟಾ ಉಕ್ಕಿನ ಕಾರ್ಖಾನೆ. 2007ರಲ್ಲಿ ಕೋರಸ್ ಕಂಪನಿಯನ್ನು ಕೊಂಡಾಗ ಟಾಟಾ ಕೈಗೆ ಬಂದದ್ದು ಇದು. ಇಲ್ಲಿನ ಕೊನೆಯ ಊದುಕುಲುಮೆ ಆರಿದ್ದು 2024ರ ಸೆಪ್ಟೆಂಬರ್ 30ರಂದು. ಈಗ ನೀವು ಹೊರಟಿರುವ ಕಣಿವೆಯಲ್ಲಿ ಅಂಥ ಬೆಂಕಿ ಆರಿ ಅರ್ಧ ಶತಮಾನವೇ ದಾಟಿದೆ.

ಒಂದೆರಡು ತಿರುವು ಕಳೆಯುವುದರೊಳಗೆ ಲಾರಿಗಳ ಸದ್ದು ಹಿಂದೆ ಬಿದ್ದು ನದಿಯ ಸದ್ದು ಮುಂದೆ ಬರುತ್ತದೆ. ಕುಮಾವನ್ ಊರಿನ ಸಾಲುಮನೆಗಳ ಹಿತ್ತಿಲು, ಒಣಗಲು ಹಾಕಿದ ಬಟ್ಟೆ, ಬೇಲಿಯಾಚೆ ಬೊಗಳುವ ನಾಯಿ. ಅಲ್ಲಲ್ಲಿ ಡಾಂಬರು ಮುಗಿದು ಪುಡಿಗಲ್ಲು ಶುರುವಾದಾಗ ಟೈರಿನ ದನಿಯೂ ಬದಲಾಗುತ್ತದೆ: ಝುಂಯ್ ಎನ್ನುತ್ತಿದ್ದದ್ದು ಕರಕರ ಎನ್ನತೊಡಗುತ್ತದೆ. ಇದಕ್ಕೆಂದೇ ಈಗ ಗ್ರಾವೆಲ್ ಬೈಕ್ ಎನ್ನುವ ಸೈಕಲ್ಲು ಬಂದಿದೆ. ಹ್ಯಾಂಡಲ್ಲು ರೇಸ್ ಸೈಕಲ್ಲಿನದು, ಟೈರು ಮಾತ್ರ ದಪ್ಪ, ಗಾಳಿ ಸ್ವಲ್ಪ ಕಡಿಮೆ. ಸಣ್ಣ ಕಲ್ಲುಗಳ ಮೇಲೆ ಅದು ಬಡಿದುಕೊಂಡು ಹೋಗುವುದಿಲ್ಲ, ತಡವಿಕೊಂಡು ಹೋಗುತ್ತದೆ.

ವಿಚಿತ್ರವೆಂದರೆ, ಇಲ್ಲಿ ಹತ್ತುತ್ತಿದ್ದೇವೆ ಎನ್ನುವುದು ಕಾಲಿಗೆ ತಿಳಿಯುವುದೇ ಇಲ್ಲ. ಎರಡೂ ಕಡೆ ಗುಡ್ಡಗಳು ಒತ್ತಿಕೊಂಡು ಬರುತ್ತಿವೆ, ನದಿ ಎದುರಿನಿಂದ ಧುಮುಕಿ ಬರುತ್ತಿದೆ, ಆದರೂ ದಾರಿ ಚಪ್ಪಟೆ ಎಂದೇ ಅನಿಸುತ್ತದೆ. ಗಿಯರ್ ಮಾತ್ರ ಸುಳ್ಳು ಹೇಳದು. ಮೂರು ಹಲ್ಲು ಕೆಳಗಿಳಿಸಿದ್ದೀರಿ, ಯಾವಾಗ ಎಂಬುದು ನೆನಪಿಲ್ಲ. ಈ ಉಪಕಾರ ಮಾಡಿದ್ದು ರೈಲು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಕಡಿದಾದ ಏರಿನಲ್ಲಿ ಜಾರುತ್ತದೆ. ಹಾಗಾಗಿ ಎಂಜಿನಿಯರುಗಳು ಗುಡ್ಡ ಕೊರೆದರು, ತಗ್ಗು ತುಂಬಿಸಿದರು, ಏರನ್ನು ಮೈಲಿಗಟ್ಟಲೆ ಎಳೆದು ತೆಳುವಾಗಿಸಿದರು. ರೊಂದಾ ಕಣಿವೆಯ ಕಲ್ಲಿದ್ದಲೆಲ್ಲ ಕಾರ್ಡಿಫ್ ಬಂದರಿಗೇ ಹೋಗುವುದನ್ನು ನೋಡಿ ಹೊಟ್ಟೆ ಉರಿದ ಸ್ವಾನ್ಸಿಯ ವ್ಯಾಪಾರಿಗಳಿಗಾಗಿ ರೊಂದಾ ಅಂಡ್ ಸ್ವಾನ್ಸಿ ಬೇ ರೈಲ್ವೆ ಹಾಕಿದ ಹಳಿ 1885ರಲ್ಲಿ ಈ ಕಣಿವೆಗೆ ಬಂತು. ಭರ್ತಿ ಬೋಗಿಗಳು ಕಡಲಿನತ್ತ ಇಳಿಯುತ್ತಿದ್ದವು, ಖಾಲಿಯವು ಹತ್ತುತ್ತಿದ್ದವು. ಈ ಕಣಿವೆಯ ಲೆಕ್ಕದಲ್ಲಿ ನೀವೂ ಈಗ ಒಂದು ಖಾಲಿ ಬೋಗಿಯೇ.

ಅಷ್ಟರಲ್ಲಿ ಅಡ್ಡಗೇಟು. ಗುಡ್ಡಗಾಡಿನ ಮೋಟಾರ್‌ಬೈಕುಗಳು ನುಗ್ಗದಿರಲಿ ಎಂದು ದಾರಿಗೆ ಅಡ್ಡಲಾಗಿ ನೆಟ್ಟ ಕಬ್ಬಿಣದ ಚೌಕಟ್ಟು: ಕೆಳಗೆ ಅಗಲ, ಮೇಲೆ ಕಿರಿದು. ಹ್ಯಾಂಡಲ್ಲು ಸಿಕ್ಕಿಕೊಳ್ಳುತ್ತದೆ. ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ಲನ್ನು ಓರೆ ಮಾಡಿ, ಪೆಡಲು ಮೊಣಕಾಲಿಗೆ ಬಡಿಯದಂತೆ ನೋಡಿಕೊಂಡು ಒಳಗೆ ತೂರಬೇಕು. ಹಿಂದೆ ಮಗುವನ್ನು ಕೂರಿಸಿಕೊಂಡವರು, ಮೂರು ಚಕ್ರದ ಕೈಸೈಕಲ್ಲಿನವರು ಏನು ಮಾಡಬೇಕು ಎಂದು ಗೇಟು ನೆಟ್ಟವರು ಯೋಚಿಸಿದಂತಿಲ್ಲ. ಮೋಟಾರ್‌ಬೈಕಿನವರೋ, ಪಕ್ಕದ ಪೊದೆ ತುಳಿದು ತಮ್ಮದೇ ದಾರಿ ಮಾಡಿಕೊಂಡಿರುತ್ತಾರೆ.

ಪಾಂಟ್‌ರಿಡವೆನ್‌ನಲ್ಲಿ ಕಣಿವೆ ಕವಲೊಡೆಯುತ್ತದೆ. ಊರು ಚಿಕ್ಕದು, ಸೇತುವೆಗಳು ಊರಿಗಿಂತ ದೊಡ್ಡವು. ನಾಲ್ಕು ಕಮಾನಿನ ಕಲ್ಲಿನ ಸೇತುವೆಯನ್ನು 1820ರ ದಶಕದಲ್ಲಿ ಕಟ್ಟಿದ್ದು ಜನ ದಾಟಲು ಅಲ್ಲ, ನೀರು ದಾಟಲು. ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದುವ ನೀರುಚಕ್ರಗಳಿಗೆ ಅದರ ಮೇಲೆ ಕಾಲುವೆ ಹರಿಯುತ್ತಿತ್ತು. ಅದರ ಬಳಿಯ ಮನೆಯೊಂದರಲ್ಲಿ 1925ರಲ್ಲಿ ಗಣಿ ಕಾರ್ಮಿಕನೊಬ್ಬನ ಹದಿಮೂರು ಮಕ್ಕಳಲ್ಲಿ ಹನ್ನೆರಡನೆಯವನಾಗಿ ರಿಚರ್ಡ್ ಜೆಂಕಿನ್ಸ್ ಹುಟ್ಟಿದ. ಎರಡು ವರ್ಷಕ್ಕೆ ತಾಯಿ ತೀರಿಕೊಂಡಳು. ಅಕ್ಕ ಅವನನ್ನು ಕೆಳಗಿನ ಪೋರ್ಟ್ ಟಾಲ್ಬಟ್‌ಗೆ ಕರೆದೊಯ್ದು ಸಾಕಿದಳು. ಜಗತ್ತು ಅವನನ್ನು ನಟ ರಿಚರ್ಡ್ ಬರ್ಟನ್ ಎಂದು ಕರೆಯಿತು. ಅವನೂ ಕಡಲಿನತ್ತಲೇ ಇಳಿದು ಹೋದವನು.

ಸೇತುವೆಯ ಕೆಳಗೆ ಪೆಲೆನ್ನ ಹೊಳೆ ಬಂದು ಸೇರುತ್ತದೆ. ಒಂದು ಕಾಲವಿತ್ತು, ಈ ಹೊಳೆಯ ನೀರು ಕಿತ್ತಳೆ ಬಣ್ಣಕ್ಕಿತ್ತು. ಗಣಿ ಮುಚ್ಚಿ ಪಂಪು ನಿಲ್ಲಿಸಿದರೆ ಸುರಂಗಗಳಲ್ಲಿ ನೀರು ತುಂಬುತ್ತದೆ. ಕಲ್ಲಿದ್ದಲಿನ ಪದರದಲ್ಲಿರುವ ಗಂಧಕ ಬೆರೆತ ಕಬ್ಬಿಣ ಆ ನೀರಿನಲ್ಲಿ ಕರಗುತ್ತದೆ. ತುಂಬಿದ ನೀರು ಯಾವುದೋ ಬಾಯಿಂದ ಹೊರಬಂದು ಗಾಳಿ ತಾಗಿದ್ದೇ ತಡ, ಕಬ್ಬಿಣ ತುಕ್ಕಾಗಿ ತಳಕ್ಕಿಳಿಯುತ್ತದೆ. ಕಲ್ಲಿನ ಸಂದಿಗಳೆಲ್ಲ ಮುಚ್ಚಿಹೋಗಿ ಹುಳುವೂ ಇಲ್ಲ, ಹುಳು ತಿನ್ನುವ ಮೀನೂ ಇಲ್ಲ. 1990ರ ದಶಕದಲ್ಲಿ ಮೇಲಿನ ಟೊನ್‌ಮೌರ್ ಹಳ್ಳಿಯ ಬಳಿ ಜೊಂಡು ಬೆಳೆಸಿದ ಕೊಳಗಳನ್ನು ಮಾಡಿ, ಗಣಿನೀರನ್ನು ಅವುಗಳಲ್ಲಿ ನಿಧಾನವಾಗಿ ಹಾಯಿಸಿದರು. ತುಕ್ಕು ಅಲ್ಲೇ ನಿಂತಿತು, ಟ್ರೌಟ್ ಮೀನು ಹೊಳೆಗೆ ಮರಳಿತು. ಆದರೂ ಕಣಿವೆಯ ಮೇಲ್ಭಾಗದಲ್ಲಿ ದಾರಿಯ ಪಕ್ಕದ ಚರಂಡಿಯನ್ನು ಬಗ್ಗಿ ನೋಡಿದರೆ ಕೆಲವು ಕಡೆ ಆ ಬಣ್ಣ ಈಗಲೂ ಕಂಡೀತು.

ಮುಂದೆ ಕಾಡು. ನದಿಯ ಎರಡೂ ಬದಿಗೆ ಹಳೆಯ ಹಳಿದಾರಿಗಳಿವೆ, ಯಾವುದನ್ನಾದರೂ ಹಿಡಿಯಿರಿ. ಬಂಡೆ ಸೀಳಿ ಮಾಡಿದ ಕಡೆ ಗೋಡೆಗಳಿಂದ ನೀರು ಒಸರುತ್ತದೆ. ನಾಲಗೆಯಂಥ ಎಲೆಯ ಜರಿಗಿಡಗಳು ಅಲ್ಲಿ ಹಬ್ಬಿವೆ, ಗಾಳಿ ಒಮ್ಮೆಗೇ ತಣ್ಣಗಾಗುತ್ತದೆ. ಕನ್ನಡಕದ ಮೇಲೆ ಮಂಜು. ಇಲ್ಲೊಮ್ಮೆ ಇಳಿದು ದಾರಿಯ ಅಂಚನ್ನು ನೋಡಬೇಕು. ಮಳೆ ತೊಳೆದ ಜಲ್ಲಿಯ ನಡುವೆ ಕರಿ ಚೂರುಗಳು, ಒಂದೊಂದು ಕಡಲೆಗಾತ್ರ. ಬೆರಳಲ್ಲಿ ಒತ್ತಿದರೆ ಬರಿಗಲ್ಲು ಒಡೆಯುವುದಿಲ್ಲ, ಕಲ್ಲಿದ್ದಲು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಒಡೆದ ಮುಖ ಗಾಜಿನ ಹಾಗೆ ಹೊಳೆಯುತ್ತದೆ. ಹೆಬ್ಬೆರಳಿನ ಗೆರೆಗಳಲ್ಲಿ ಕೂತ ಆ ಕಪ್ಪು, ನೀರಿನ ಬಾಟಲಿಯ ಒಂದು ಗುಟುಕಿಗೆ ಹೋಗುವುದಲ್ಲ. 1913ರಲ್ಲಿ ದಕ್ಷಿಣ ವೇಲ್ಸ್ ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು. ಅದರಲ್ಲಿ ಬೋಗಿಯಿಂದ ಉದುರಿದ್ದು ಎಷ್ಟೋ, ಅದರ ಲೆಕ್ಕ ಇಟ್ಟವರಿಲ್ಲ.

ಈ ಕಾಡೂ ತಾನಾಗಿ ಬೆಳೆದದ್ದಲ್ಲ. ಸಾಲಾಗಿ ನೆಟ್ಟ ಕೋನಿಫರ್ ಮರಗಳಿವು, ಬ್ರಿಟನ್ನಿನ ಅರಣ್ಯ ಇಲಾಖೆ ಕಳೆದ ಶತಮಾನದಲ್ಲಿ ಬೆಳೆಸಿದ್ದು. ಗುಡ್ಡದಲ್ಲಿ ಅಲ್ಲಲ್ಲಿ ಬೋಳು ತೇಪೆಗಳಿವೆ. 2010ರಲ್ಲಿ ಇದೇ ಕಣಿವೆಯ ಲಾರ್ಚ್ ಮರಗಳಿಗೆ ಫೈಟಾಫ್ತೊರ ಎಂಬ ಕೊಳೆರೋಗ ತಗುಲಿದ್ದು ಗೊತ್ತಾಗಿ, ಸೋಂಕು ಹರಡದಿರಲೆಂದು ಮರಗಳನ್ನು ಕಡಿಯುತ್ತಾ ಬಂದರು. ನಮ್ಮ ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗವೂ ಇದೇ ಕುಲದ್ದು. ಆವನ್ ಆರ್ಗೋಯ್ಡ್‌ನಲ್ಲಿ ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯವಿದೆ. ದೀಪ, ಹೆಲ್ಮೆಟ್ಟು, ಫೋಟೊಗಳು. ಸೈಕಲ್ಲಿಗರು ಹೆಚ್ಚಾಗಿ ಅದೇ ಆವರಣದಲ್ಲಿ ಕಾಫಿ ಕುಡಿದು ಹೊರಟುಬಿಡುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ, ಮಣ್ಣಿನ ಟೈರಿಗೆ ಕಾಡು ಕರೆಯುತ್ತಿರುತ್ತದೆ.

ಡಫ್ರಿನ್ ರೊಂದಾ ಗಣಿ ಇದ್ದ ಜಾಗ ಬಂದದ್ದು ಯಾರಾದರೂ ಹೇಳಿದರೆ ಮಾತ್ರ ತಿಳಿಯುತ್ತದೆ. ಮುಚ್ಚಿದ್ದು 1966ರಲ್ಲಿ. ಅದೇ ವರ್ಷದ ಅಕ್ಟೋಬರ್ 21ರಂದು ಟ್ಯಾಫ್ ಕಣಿವೆಯ ಅಬರ್‌ವಾನ್‌ನಲ್ಲಿ (ಹೆಸರು ಆವನ್ ಅನ್ನು ಹೋಲುತ್ತದೆ, ಊರು ಬೇರೆ) ಗಣಿಮಣ್ಣಿನ ರಾಶಿ ಕುಸಿದು ಶಾಲೆಯ ಮೇಲೆ ಬಿತ್ತು. ಸತ್ತ 144 ಜನರಲ್ಲಿ 116 ಮಕ್ಕಳು. ಆಮೇಲೆ ರಾಶಿಗಳ ಸುರಕ್ಷತೆಗೆಂದೇ 1969ರಲ್ಲಿ ಕಾಯ್ದೆ ಬಂತು. ಹಲವು ಕಣಿವೆಗಳಲ್ಲಿ ಗುಡ್ಡಗಳಂಥ ರಾಶಿಗಳನ್ನು ಇಳಿಸಿ, ಹರಡಿ, ಹುಲ್ಲು ಬಿತ್ತಿದರು. ಇಳಿಜಾರುಗಳ ಹಸಿರು ಅತಿಯಾಗಿ ನುಣುಪು ಎನಿಸಿದರೆ ಅನುಮಾನಪಡಿ. ಅದರ ಹಿಂದೆ ಆ ಶಾಲೆ ಇರಬಹುದು.

ಕಮ್ಮರ್‌ನಲ್ಲಿ ಮೂರು ಕಂಪನಿಗಳ ಹಳಿಗಳು ಒಂದೆಡೆ ಕೂಡುತ್ತಿದ್ದವು. ಕಣಿವೆಯನ್ನು ಅಡ್ಡ ದಾಟುವ ಎತ್ತರದ ಕಬ್ಬಿಣದ ಸೇತುವೆಯೊಂದು ಯಾರಿಗೂ ಬೇಡವಾಗಿ ತುಕ್ಕು ಹಿಡಿದು ನಿಂತಿದೆ. ಸ್ಟೇಷನ್ನಿನ ಉಪಾಹಾರ ಗೃಹ ಮಾತ್ರ, 1970ರಲ್ಲಿ ಕೊನೆಯ ಪ್ರಯಾಣಿಕ ರೈಲು ಹೋದ ಮೇಲೂ ದಶಕಗಳ ಕಾಲ ಪಬ್ಬಾಗಿ ನಡೆಯಿತು. ರೈಲಿಲ್ಲದೆಯೂ ಕುಡಿಯುವವರಿದ್ದರು.

ಅಲ್ಲಿಂದ ಬ್ಲೈನ್‌ಗ್ವಿನ್ವಿಗೆ ದಾರಿ ಕಿರಿದು, ಕುರಿಗಳು ಹೆಚ್ಚು. ಗಂಟೆ ಬಾರಿಸಿದರೂ ಕದಲುವುದಿಲ್ಲ. ಕೊನೆಯ ಕುರಿಯನ್ನು ದಾಟಿದ ಮೇಲೆ ಹಳಿದಾರಿ ಸುಮ್ಮನೆ ಗುಡ್ಡದ ಹೊಟ್ಟೆಗೆ ನುಗ್ಗಿ ಮಾಯವಾಗುತ್ತದೆ. ರೊಂದಾ ಸುರಂಗದ ಬಾಯಿ ಈ ಮಣ್ಣಿನಡಿ ಹೂತಿದೆ. ಉದ್ದ 3,148 ಮೀಟರ್. 1890ರಲ್ಲಿ ತೆರೆದದ್ದು, ಗೋಡೆ ವಿಕಾರಗೊಂಡಿತೆಂದು 1968ರಲ್ಲಿ ನಿಲ್ಲಿಸಿದ್ದು, ಆಮೇಲೆ ಎರಡೂ ತುದಿ ಮುಚ್ಚಿದ್ದು. ಅದನ್ನು ಸೈಕಲ್ಲಿಗಾಗಿ ತೆರೆಯಬೇಕೆಂದು ಸ್ಥಳೀಯರ ಸಂಘವೊಂದು 2014ರಿಂದ ಬೆನ್ನು ಬಿದ್ದಿದೆ. ತೆರೆದರೆ ಬ್ರಿಟನ್ನಿನ ಅತಿ ಉದ್ದದ ಸೈಕಲ್ ಸುರಂಗ ಅದೇ ಆದೀತು. ಆ ಬದಿಯ ರೊಂದಾ ಹದಿನೈದು ನಿಮಿಷದ ದೂರಕ್ಕೆ ಬಂದೀತು. ಅದು ದುಬಾರಿ ಕೆಲಸ, ನಿಜ. ಆದರೆ ಕಲ್ಲಿದ್ದಲಿಗಾಗಿ ಗುಡ್ಡವನ್ನು ಕೊರೆಯಲು ಸಿಕ್ಕ ಹಣ, ಅದೇ ಕಣಿವೆಯ ಜನ ಆಚೆ ಹೋಗಲು ಸಿಗುವುದಿಲ್ಲ ಎಂದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಮೇಲಿನ ಬೋಳುನೆತ್ತಿಯಲ್ಲಿ ಪೆನ್-ಅ-ಕಮೋಯ್ದ್‌ನ ಗಾಳಿಯಂತ್ರಗಳು ತಿರುಗುತ್ತಿವೆ. ಒಟ್ಟು 76, ಸಾಮರ್ಥ್ಯ 228 ಮೆಗಾವಾಟ್. ಅವುಗಳತ್ತ ಹೋಗುವ ಜಲ್ಲಿ ರಸ್ತೆಯನ್ನು ರೈಲಿನ ಲೆಕ್ಕ ನೋಡಿ ಹಾಕಿದ್ದಲ್ಲ. ಮೊದಲ ತಿರುವಿನಲ್ಲೇ ಅತಿ ಸಣ್ಣ ಗಿಯರ್ ಮುಗಿಯುತ್ತದೆ. ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತು ತುಳಿದರೆ ಮುಂದಿನದು ಎದ್ದು ನಿಲ್ಲುತ್ತದೆ. ನೂರು ಮೀಟರ್ ಆಗಿರಬಹುದು. ಇಳಿದು ತಳ್ಳತೊಡಗುತ್ತೀರಿ, ಬೂಟಿನಡಿ ಕಲ್ಲು ಉರುಳುತ್ತಿವೆ.