ನೀರು ನೋಡಿ ಗಾಳ ಹಾಕು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಮಗನ ಮನೆಗೆ ಹೋದ ಮೂರನೆಯ ದಿನ, ಹನ್ನೆರಡು ವರ್ಷದ ಮೊಮ್ಮಗ ನನ್ನ ಮುಂದೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ತಂದಿಟ್ಟ. ಮುಚ್ಚಳ ತೆಗೆದರೆ ಜಾತ್ರೆಯ ಬಳೆ ಅಂಗಡಿ! ಒಂದೊಂದು ಖಾನೆಯಲ್ಲಿ ಒಂದೊಂದು: ಬೆಳ್ಳಿ ಬಣ್ಣದ ಮರಿಮೀನು, ಕೆಂಪು ಸೀಗಡಿ, ಹಸಿರು ಕಪ್ಪೆ, ರಬ್ಬರಿನ ಹುಳ. ಎಲ್ಲವೂ ನಕಲಿ, ಎಲ್ಲದಕ್ಕೂ ಕೊಕ್ಕೆ.

“ಇವು ಲೂರ್ ಅಜ್ಜ. ಬಾಸ್ ಮೀನು ಹಿಡಿಯೋಕೆ.”

“ಇಷ್ಟೊಂದು ಯಾಕೋ ಪುಟ್ಟ? ನಮ್ಮ ಕಾಲಕ್ಕೆ ಒಂದು ಗರಟೆ ಎರೆಹುಳ ಸಾಕಿತ್ತು.”

“ನೀರು ಡೈಲಿ ಒಂದೇ ಥರ ಇರಲ್ಲ ಅಜ್ಜ” ಎಂದ.

ಅವನು ನನ್ನ ಹತ್ತಿರ ಇಷ್ಟು ಮಾತಾಡಿದ್ದೇ ನನಗೆ ಹಬ್ಬ. ಫೋನಿನಲ್ಲಿ “ಹಾಯ್ ಅಜ್ಜ, ಹೇಗಿದ್ದೀರಾ” ಎಂದು ಒಂದು ಸಾಲು ಹೇಳಿ ಅಪ್ಪನ ಕೈಗೆ ದಾಟಿಸುವ ಹುಡುಗ ಅವನು. ನಾನು ಪಂಚತಂತ್ರದ ಕತೆ ಹೇಳಲು ಹೋದೆ, ಆಕಳಿಸಿದ. ಪಗಡೆ ಹಾಸಿದೆ, ಎರಡು ಆಟಕ್ಕೆ ಎದ್ದು ಹೋದ. ಕೊನೆಗೆ ಅವನ ಪೆಟ್ಟಿಗೆಯ ಹತ್ತಿರ ನಾನೇ ಹೋಗಬೇಕಾಯಿತು.

ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಲೇನಿಯರ್ ಸರೋವರ. ಅಟ್ಲಾಂಟಾ ನಗರದ ಈಶಾನ್ಯಕ್ಕಿದೆ. ಸರೋವರ ಎಂದು ಕರೆದರೂ ಅದು ಅಣೆಕಟ್ಟಿನ ಹಿನ್ನೀರು. ಚಟಹೂಚಿ ನದಿಗೆ ಬ್ಯೂಫರ್ಡ್ ಎಂಬಲ್ಲಿ ಕಟ್ಟೆ ಕಟ್ಟುವ ಕೆಲಸ 1950ರಲ್ಲಿ ಶುರುವಾಗಿ, 1956ರಲ್ಲಿ ನೀರು ನಿಲ್ಲತೊಡಗಿತು. ಸಿಡ್ನಿ ಲೇನಿಯರ್ ಎಂಬ ಕವಿಯ ಹೆಸರನ್ನು ಅದಕ್ಕೆ ಇಟ್ಟರು. ಸುಮಾರು 38,000 ಎಕರೆ ನೀರು. ಕೊಲ್ಲಿಗಳು ಅಂಗೈಯ ಬೆರಳುಗಳ ಹಾಗೆ ಗುಡ್ಡಗಳ ನಡುವೆ ಚಾಚಿವೆ. ದಡದ ತುಂಬ ಪೈನ್ ಮರ. ಏಪ್ರಿಲ್ ತಿಂಗಳಾದ್ದರಿಂದ ಅವುಗಳ ಪರಾಗ ಉದುರಿ, ಕಾರಿನ ಮೇಲೂ ನೀರಿನ ಮೇಲೂ ಅರಿಶಿನ ಚೆಲ್ಲಿದಂತಿತ್ತು. ಮಣ್ಣು ಮಾತ್ರ ನಮ್ಮ ಸಾಗರ, ಹೊಸನಗರದ ಮಣ್ಣಿನ ಹಾಗೆ ಕೆಂಪು. ಅದನ್ನು ಕಂಡು ಅರ್ಧ ಸಮಾಧಾನವಾಯಿತು.

ಅಲ್ಲಿ 16 ವರ್ಷ ತುಂಬಿದವರು ಗಾಳ ಹಾಕಲು ಪರವಾನಗಿ ತೆಗೆದುಕೊಳ್ಳಬೇಕು. ಮೊಮ್ಮಗನಿಗೆ ಬೇಡ, ನನಗೆ ಬೇಕು! ದುಡ್ಡು ಕಟ್ಟಿ ಮಾಡಿಸಿದೆವು.

ಬಾಸ್ ಬೇಟೆಗಾರ ಮೀನು. ದೊಡ್ಡಬಾಯಿ ಬಾಸ್ ಎಂಬುದು ಜಾರ್ಜಿಯಾದ ರಾಜ್ಯ ಮೀನು. ಲೇನಿಯರ್‌ನಲ್ಲಿ ಹೆಚ್ಚಾಗಿ ಸಿಗುವುದು ಅದರ ದಾಯಾದಿ, ಮಚ್ಚೆ ಬಾಸ್. ಹಸಿರು ಮೈ, ಪಕ್ಕೆಯ ಮೇಲೆ ಕಪ್ಪು ಗೆರೆ. ಮರಿಮೀನು, ಸಿಹಿನೀರಿನ ಸೀಗಡಿ ಕಂಡರೆ ಹಾರಿ ನುಂಗುತ್ತದೆ. ಈ ಹಸಿವನ್ನೇ ನಂಬಿಕೊಂಡು ಮನುಷ್ಯ ನೂರೆಂಟು ನಕಲಿ ತಿಂಡಿ ಮಾಡಿದ್ದಾನೆ.

ಮೊದಲ ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಗಾಳಿ ಬೆಚ್ಚಗೆ ಬೀಸಿ ನೀರು ಸಣ್ಣಗೆ ಅಲೆಯಾಡುತ್ತಿತ್ತು. “ಬಿಸಿಲಿಲ್ಲವಲ್ಲ, ಮೀನು ಬರುತ್ತಾ?” ಎಂದೆ. “ಇದೇ ಬೆಸ್ಟ್ ಡೇ ಅಜ್ಜ” ಎಂದ. ಅಲೆ ಎದ್ದಾಗ ಬೆಳಕು ಒಡೆಯುತ್ತದೆ. ಮೀನಿಗೆ ನಕಲಿ ಯಾವುದು, ಅಸಲಿ ಯಾವುದು ಎಂದು ಪರೀಕ್ಷೆ ಮಾಡಲು ಪುರಸೊತ್ತಿರುವುದಿಲ್ಲ. ಧೈರ್ಯವಾಗಿ ದಡದ ಹತ್ತಿರವೂ ಬರುತ್ತದೆ. ಅವನು ಪೆಟ್ಟಿಗೆಯಿಂದ ಸ್ಪಿನ್ನರ್‌ಬೈಟ್ ತೆಗೆದ. ಬಿಳಿ ಝಾಲರಿನ ಕೊಕ್ಕೆ, ಮೇಲೆ ಗಿರಗಿರನೆ ತಿರುಗುವ ಎಲೆಯಾಕಾರದ ಉದ್ದ ತಗಡು. ದೂರ ಎಸೆದು ಬೇಗಬೇಗ ಸುತ್ತಿದರೆ ಮರಿಮೀನಿನ ಗುಂಪು ಹೆದರಿ ಓಡಿದಂತೆ ಹೊಳೆಯುತ್ತದೆ. ಒಂದು ಗಂಟೆಯಲ್ಲಿ ಅವನಿಗೆ ಮೂರು ಸಿಕ್ಕವು. ನನಗೆ ಒಂದೂ ಇಲ್ಲ. ನನ್ನ ಕೈ ಇನ್ನೂ ಆ ಸುತ್ತುವ ರೀಲಿಗೆ ಒಗ್ಗಿರಲಿಲ್ಲ.

ಅವನು ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದ. ಒಣ ಕೈ ತಗುಲಿದರೆ ಅದರ ಮೈಮೇಲಿನ ಲೋಳೆ ಹೋಗುತ್ತದೆ, ಆ ಲೋಳೆಯೇ ಅದಕ್ಕೆ ರಕ್ಷೆ. ಕೊಕ್ಕೆ ಬಿಡಿಸಿ ಮೂರನ್ನೂ ವಾಪಸ್ ನೀರಿಗೆ ಬಿಟ್ಟ. ಮೀನುಸಾರು ಉಂಡು ಬೆಳೆದ ನಾನು ಬಾಯಿ ಬಿಟ್ಟೆ. “ಇದೇನೋ, ಜಮಾ ಆದ ದಿನವೇ ಖರ್ಚು ಬರೆದುಬಿಟ್ಟೆ!” ಎಂದೆ. ಇದು ಮೊಟ್ಟೆ ಇಡುವ ಕಾಲ, ಗಂಡು ಮೀನು ಗೂಡು ಕಾಯುತ್ತಿರುತ್ತದೆ, ಅದಕ್ಕೇ ಬೇಗ ಬಿಡಬೇಕು ಎಂದು ವಿವರಿಸಿದ.

ಎರಡನೆಯ ಭಾನುವಾರದ ಹೊತ್ತಿಗೆ ಎರಡು ರಾತ್ರಿ ಗುಡುಗು ಮಳೆ ಸುರಿದಿತ್ತು. ಕೊಲ್ಲಿಯ ನೀರು ನಮ್ಮ ಆಷಾಢದ ಹೊಳೆಯಂತೆ ಕೆಂಪು. “ಹೋದ ವಾರ ಮೂರು ಕೊಟ್ಟದ್ದನ್ನೇ ಹಾಕು” ಎಂದೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನ ಬುದ್ಧಿ ಅದು. ಹಿಂದೆ ಪಾಸಾದ ಕಾಗದದಂತೆಯೇ ಇನ್ನೊಂದು ಬರೆದರೆ ಕೆಲಸ ಮುಗಿಯಿತು. ಅವನು ನಗುತ್ತ ನನ್ನ ಗಾಳಕ್ಕೆ ಅದನ್ನೇ ಕಟ್ಟಿದ. ಮುಕ್ಕಾಲು ಗಂಟೆ ಎಸೆದೆ, ಎಳೆದೆ. ಏನೂ ಇಲ್ಲ.

ಅವನು ಕಟ್ಟಿಕೊಂಡದ್ದು ಬೇರೆ: ಕಪ್ಪು-ನೀಲಿ ಝಾಲರು, ದುಂಡು ತಗಡು. ಕೆಸರು ನೀರಿನಲ್ಲಿ ಹೊಳಪು ಯಾರಿಗೂ ಕಾಣದು. ಕಪ್ಪು ಬಣ್ಣವಾದರೆ ನೆರಳಿನಂತೆ ಎದ್ದು ತೋರುತ್ತದೆ. ದುಂಡು ತಗಡು ತಿರುಗುವಾಗ ನೀರನ್ನು ಗುದ್ದುತ್ತದೆ. ಮೀನಿನ ಎರಡೂ ಪಕ್ಕೆಯಲ್ಲಿ ಉದ್ದಕ್ಕೆ ಒಂದು ಸೂಕ್ಷ್ಮ ರೇಖೆ ಇದೆ. ಆ ಗುದ್ದು ಅದಕ್ಕೆ ತಿಳಿಯುತ್ತದೆ. ಕಣ್ಣು ಕಾಣದಿದ್ದಾಗ ಮೀನು ಮೈಯಿಂದ ಕೇಳಿಸಿಕೊಳ್ಳುತ್ತದೆ ಎನ್ನಿ. ಕೆಸರಿನಲ್ಲಿ ಅದು ದೂರ ಅಲೆಯುವುದೂ ಇಲ್ಲ, ಮರದ ಬುಡಕ್ಕೆ, ಕಲ್ಲಿನ ಸಂದಿಗೆ ಅಂಟಿಕೊಂಡಿರುತ್ತದೆ. ಅವನು ದಡದ ಬೊಡ್ಡೆಯೊಂದಕ್ಕೆ ತಾಗುವಷ್ಟು ಹತ್ತಿರ ಎಸೆದು ನಿಧಾನ ಎಳೆದ. ಸಿಕ್ಕಿತು. ನಾನು ಮತ್ತೆ ಬರಿಗೈ.

ಮೂರನೆಯ ಭಾನುವಾರ ನನ್ನ ಕೊನೆಯ ಭಾನುವಾರ. ಬುಧವಾರ ವಿಮಾನ. “ಇವತ್ತು ಅಜ್ಜನ ಕೈಲಿ ಒಂದು ಹಿಡಿಸ್ತೀನಿ” ಎಂದು ಅವನು ರಾತ್ರಿಯೇ ಪೆಟ್ಟಿಗೆ ಜೋಡಿಸಿಟ್ಟಿದ್ದ. ಬೆಳಿಗ್ಗೆ ಎದ್ದರೆ ಚಳಿ ವಾಪಸ್ ಬಂದಿದೆ! ಡಾಗ್‌ವುಡ್ ಎಂಬ ಮರ ಬಿಳಿ ಹೂ ಬಿಡುವ ಹೊತ್ತಿಗೆ ಹೀಗೆ ಒಂದು ಚಳಿ ಬರುತ್ತದಂತೆ. ಅದಕ್ಕೆ ಡಾಗ್‌ವುಡ್ ವಿಂಟರ್ ಎನ್ನುತ್ತಾರೆ. ನಾವು ಮಳೆಗೆ ನಕ್ಷತ್ರದ ಹೆಸರಿಡುವಂತೆ ಅವರು ಚಳಿಗೆ ಹೂವಿನ ಹೆಸರಿಟ್ಟಿದ್ದಾರೆ.

ಆಕಾಶ ತೊಳೆದಿಟ್ಟ ಹಾಗೆ ನೀಲಿ, ನೀರು ಕನ್ನಡಿ. ನೋಡಲು ಚೆಂದ, ಗಾಳಕ್ಕೆ ಕಷ್ಟ. ಮೀನಿಗೆ ನಮ್ಮಂತೆ ಮೈಯ ಬಿಸಿ ಇಲ್ಲ. ನೀರು ತಣ್ಣಗಾದರೆ ಅದೂ ತಣ್ಣಗಾಗುತ್ತದೆ. ಓಡುವ ತಿಂಡಿಯ ಹಿಂದೆ ಓಡುವುದಿಲ್ಲ. ಮೊಮ್ಮಗ ಐದೈದು ನಿಮಿಷಕ್ಕೆ ಲೂರ್ ಬದಲಾಯಿಸಿದ. ಬೆಳ್ಳಿಮೀನು ಆಯಿತು, ಕಪ್ಪೆ ಆಯಿತು, ಸೀಗಡಿ ಆಯಿತು. ಮೂರು ಗಂಟೆ ಕಳೆಯಿತು. ಕೊನೆಗೆ ರಾಡ್ ಕೆಳಗಿಟ್ಟು, “ಈ ಲೇಕ್‌ನಲ್ಲಿ ಇವತ್ತು ಮೀನೇ ಇಲ್ಲ” ಎಂದು ಮುಖ ತಿರುಗಿಸಿದ. ಕಣ್ಣು ತುಂಬಿತ್ತು.

“ಅಲ್ವೋ, ನೀನೇ ಹೇಳಿದ್ದೆಯಲ್ಲ, ಜಾರ್ಜ್ ಪೆರ್ರಿ ಕತೆ” ಎಂದೆ. ಪೆರ್ರಿ ಇದೇ ಜಾರ್ಜಿಯಾದ ಬಡ ರೈತ. 1932ರ ಜೂನ್ 2ರಂದು ಹತ್ತು ಕಿಲೋಗೂ ತುಸು ಹೆಚ್ಚು ತೂಕದ ದೊಡ್ಡಬಾಯಿ ಬಾಸ್ ಹಿಡಿದ. ಅದನ್ನು ಸರಿಗಟ್ಟುವ ಮೀನು 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಸಿಗುವವರೆಗೆ ಆ ದಾಖಲೆ ಅವನೊಬ್ಬನದೇ ಆಗಿತ್ತು. ಆ ದಿನ ಅವನಿಗೂ ಅವನ ಗೆಳೆಯನಿಗೂ ಸೇರಿ ಇದ್ದದ್ದು ಒಂದೇ ಲೂರ್ ಎನ್ನುತ್ತಾರೆ. “ಪೆಟ್ಟಿಗೆ ನೋಡಿದ್ದು ಸಾಕು. ಬಾ, ನೀರು ನೋಡೋಣ” ಎಂದು ಅವನನ್ನು ಎಬ್ಬಿಸಿದೆ.

ದಡದಲ್ಲಿ ಸ್ವಲ್ಪ ದೂರ ನಡೆದೆವು. ಅಲ್ಲಿ ಒಂದು ಹಳೆಯ ರಸ್ತೆ ಗುಡ್ಡ ಇಳಿದು ಬಂದು, ಹಾಗೇ ನೇರವಾಗಿ ನೀರಿನೊಳಗೆ ಹೋಗಿತ್ತು. ನನ್ನ ಕಾಲು ನಿಂತುಬಿಟ್ಟಿತು.

“ಇದೇನಜ್ಜ, ರೋಡು ನೀರಲ್ಲಿ?”

“ಅಣೆಕಟ್ಟು ಕಟ್ಟುವ ಮೊದಲು ಇಲ್ಲಿ ಊರಿತ್ತು ಮಗಾ. ನೂರಾರು ಮನೆಯವರು ಎದ್ದು ಹೋಗಿದ್ದಾರೆ. ನಮ್ಮದೂ ಹೀಗೇ ಆಯಿತು.”

ಅವನಿಗೆ ನಾನು ಇದನ್ನು ಹೇಳಿಯೇ ಇರಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದದ್ದು 1964ರಲ್ಲಿ. ನನಗಾಗ ಹದಿಮೂರು. ಅಪ್ಪಯ್ಯ ಬಾಗಿಲಿನ ಚೌಕಟ್ಟು ಕಿತ್ತು ಗಾಡಿಗೆ ಹೇರಿದ್ದರು. ನಾನು ನನ್ನ ವಾಟೆ ಬಿದಿರಿನ ಗಾಳದ ಕೋಲನ್ನು ಹಟ ಮಾಡಿ ತಂದಿದ್ದೆ. ಹೊಸ ಊರಿನಲ್ಲಿ ಹೊಳೆ ಇರಲಿಲ್ಲ. ಆ ಕೋಲು ಅಟ್ಟದ ಮೇಲೇ ಉಳಿಯಿತು. ಅದಾದ ಮೇಲೆ ನಾನು ಗಾಳ ಹಿಡಿದದ್ದು ಲೇನಿಯರ್‌ನಲ್ಲೇ.

“ರಸ್ತೆ ಇದ್ದಲ್ಲಿ ಪಕ್ಕಕ್ಕೆ ಚರಂಡಿ ಇರುತ್ತೆ, ತಗ್ಗಿನಲ್ಲಿ ಮೋರಿ ಇರುತ್ತೆ, ಮೋರಿಗೆ ಕಲ್ಲು ಕಟ್ಟಿರುತ್ತಾರೆ. ಚಳಿಗೆ ದನವೂ ಕೊಟ್ಟಿಗೆಯ ಮೂಲೆ ಹಿಡಿಯುತ್ತೆ. ಮೀನೂ ಅಲ್ಲೇ ಇದ್ದೀತು” ಎಂದೆ.

ಅವನ ಮುಖ ಬದಲಾಯಿತು. ಕೂತು ಹೊಸದಾಗಿ ಕಟ್ಟಿದ. ತೆಳು ದಾರ, ತುದಿಯಲ್ಲಿ ಸಣ್ಣ ಸೀಸದ ಗುಂಡು, ಅದರಿಂದ ಒಂದು ಗೇಣು ಮೇಲೆ ಪುಟ್ಟ ಕೊಕ್ಕೆ, ಕೊಕ್ಕೆಗೆ ಬೆರಳುದ್ದದ ಮಾಸಲು ಹಸಿರು ರಬ್ಬರ್ ಹುಳ. ತಿಳಿನೀರಿಗೆ ಮಾಸಲು ಬಣ್ಣ, ತಣ್ಣೀರಿಗೆ ಚಿಕ್ಕ ತುತ್ತು. ಗುಂಡು ತಳದಲ್ಲಿ ಕೂರುತ್ತದೆ, ಹುಳ ಮೀನಿನ ಮೂತಿಯ ಎದುರಿಗೇ ತೂಗುತ್ತದೆ. ರಸ್ತೆಯ ಅಂಚಿಗೆ ಎಸೆದು ರಾಡ್ ನನ್ನ ಕೈಗೆ ಕೊಟ್ಟ.

“ಎಳೀಬೇಡಿ ಅಜ್ಜ. ಸ್ವಲ್ಪ ನಡುಗಿಸಿ, ಸುಮ್ನೆ ಹಿಡ್ಕೊಳ್ಳಿ.”

ನಡುಗಿಸುವುದು ಈ ವಯಸ್ಸಿನಲ್ಲಿ ಕಷ್ಟವೇ? ಕೈ ತಾನೇ ನಡುಗುತ್ತಿತ್ತು! ಇಪ್ಪತ್ತು ನಿಮಿಷವಾಗಿರಬೇಕು. ಜಗ್ಗಲಿಲ್ಲ, ಹಾರಲಿಲ್ಲ, ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ದಾರ ಸುಮ್ಮನೆ ಭಾರವಾಯಿತು. “ಎತ್ತಿ ಅಜ್ಜ!” ಎಂದು ಕೂಗಿದ. ಎತ್ತಿದೆ, ಸುತ್ತಿದೆ. ಒಂದೂವರೆ ಗೇಣಿನ ಮಚ್ಚೆ ಬಾಸ್. ಅರವತ್ತು ವರ್ಷದ ಮೇಲೆ ನನ್ನ ಕೈಗೆ ಬಂದ ಮೀನು. ಕೈ ಒದ್ದೆ ಮಾಡಿಕೊಂಡು ಹಿಡಿದೆ, ಬಿಟ್ಟೆ. ಅದು ರಸ್ತೆಯ ಮೇಲೇ ಇಳಿದು ಹೋಯಿತು.

ಸೊಸೆ ಕಟ್ಟಿಕೊಟ್ಟ ಚಪಾತಿ ತಿನ್ನುವಾಗ ಅವನು ಕೇಳಿದ: “ಅಜ್ಜ, ನಿಮ್ಮ ಮನೇಲಿ ಈಗ ಯಾವ ಮೀನು ಇರಬಹುದು?”

“ಕೊರವ ಇರಬಹುದು, ಅಡುಗೆಮನೆ ಮೂಲೆಯಲ್ಲಿ” ಎಂದೆ. ಇಬ್ಬರೂ ನಕ್ಕೆವು. ಅಂಗಡಿಯ ರಸೀದಿಯ ಹಿಂದೆ ನಾನು ನಮ್ಮ ಹಳೆಯ ಊರಿನ ನಕ್ಷೆ ಬರೆದುಕೊಟ್ಟೆ: ಮನೆ, ಬಾವಿ, ಅಡಿಕೆ ತೋಟ, ಗಾಡಿ ರಸ್ತೆ, ಮೋರಿ. ಅವನು ಮೋರಿಯ ಹತ್ತಿರ ಒಂದು ಗುರುತು ಹಾಕಿ, ಚೀಟಿಯನ್ನು ಮಡಚಿ ಲೂರ್ ಪೆಟ್ಟಿಗೆಯ ಖಾಲಿ ಖಾನೆಯಲ್ಲಿಟ್ಟ.

ನಾನು ಊರಿಗೆ ಬಂದು ಎರಡು ತಿಂಗಳಾಯಿತು. ಮೊನ್ನೆ ಫೋನ್ ಮಾಡಿದಾಗ ಅವನು ಅಪ್ಪನ ಕೈಗೆ ದಾಟಿಸಲಿಲ್ಲ.

“ಅಜ್ಜ, ಅಲ್ಲಿ ಈಗ ನೀರು ಯಾವ ಬಣ್ಣ?”

“ಹೊಸ ಮಳೆ ಕಣೋ. ಕೆಂಪು.”

“ಹಾಗಾದ್ರೆ ದುಂಡು ತಗಡು, ಕಪ್ಪು ಬಣ್ಣ” ಎಂದ.